ಸೀರೆಯೋ, ಮಗ್ಗವೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳ ತರುಣರು ಜಾಲತಾಣ ರಚಿಸುವ ವಿದ್ಯೆಗೆ ಮನಸ್ಸು ಮಾಡಿದಾಗ ಮೊದಲು ಎದುರಾಗುವ ಪ್ರಶ್ನೆ ಒಂದೇ: ಯಾವ ಗಣಕಭಾಷೆಯನ್ನು ಕಲಿಯಬೇಕು? ತಂದೆ ತೆರಬಲ್ಲದ್ದು ಒಂದೇ ತರಬೇತಿಯ ಶುಲ್ಕ. ಆಯ್ಕೆ ತಪ್ಪಿದರೆ ಹಣವೂ ಹೋಯಿತು, ವರ್ಷವೂ ಹೋಯಿತು.

ರಾಮದುರ್ಗದ ಕೈಮಗ್ಗದ ಸೀರೆಯನ್ನು ನೆನೆಯಿರಿ. ಕೊಳ್ಳುವವರ ಕಣ್ಣಿಗೆ ಬೀಳುವುದು ಅಂಚು, ಸೆರಗು; ಮಗ್ಗವಲ್ಲ. ಜಾಲತಾಣದಲ್ಲಿಯೂ ಪರದೆಯ ಮೇಲೆ ಕಾಣುವುದು ಮುಂಭಾಗ. ದೂರದ ಸರ್ವರಿನಲ್ಲಿ ಲೆಕ್ಕವಿಡುವುದು ಹಿಂಭಾಗ.

ಮುಂಭಾಗದಲ್ಲಿ ಎಚ್‌ಟಿಎಂಎಲ್ ಹಂದರ, ಸಿಎಸ್‌ಎಸ್ ಅಲಂಕಾರ, 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಚಲನೆ. ಹಿಂಭಾಗದಲ್ಲಿ ಪಿಎಚ್‌ಪಿ, ಪೈಥಾನ್, ಜಾವಾಗಳ ಪೈಪೋಟಿ. ಹೊಸದರ ಮೋಹದಿಂದ ಹಳೆಯದನ್ನು ಹಳಿಯಲಾಗದು. ಕನ್ನಡ ವಿಕಿಪೀಡಿಯದ ಹಿಂದೆ ಇಂದಿಗೂ ದುಡಿಯುತ್ತಿರುವುದು ಪಿಎಚ್‌ಪಿಯೇ.

ಆದರೂ ಒಂದನ್ನೇ ಆರಿಸಬೇಕಾದವರು ಜಾವಾಸ್ಕ್ರಿಪ್ಟಿನಿಂದ ತೊಡಗುವುದು ಲೇಸು. 2009ರಲ್ಲಿ ನೋಡ್‌ ಜೆಎಸ್ ಬಂದಂದಿನಿಂದ ಹಿಂಭಾಗದ ಕೆಲಸಕ್ಕೂ ಅದು ಒದಗುತ್ತಿದೆ.

ಶುಲ್ಕ ಕಟ್ಟುವ ಮುನ್ನ, ಬೈಲಹೊಂಗಲದ ಹತ್ತಿಯ ಧಾರಣೆ ತೋರಿಸುವ ಚಿಕ್ಕ ಪುಟವೊಂದನ್ನು ತಾವೇ ರಚಿಸಿ ನೋಡಲಿ. ಪುಟದ ಚೆಲುವಿನಲ್ಲಿ ಮನಸ್ಸು ನಿಂತರೆ ಮುಂಭಾಗ, ಧಾರಣೆಯ ಲೆಕ್ಕದಲ್ಲಿ ನಿಂತರೆ ಹಿಂಭಾಗ ಅವರ ದಾರಿ. ಸಲಕರಣೆಗಳು ಮುಂದೆ ಬದಲಾಗುವುದು ಖಂಡಿತ. ಆದರೆ ನೇಯ್ಗೆ ಬಲ್ಲವನ ಕೈ ಮಗ್ಗ ಬದಲಾದರೂ ಸೋಲದು.