ಹತ್ತಕ್ಕೆ ಐದು ಅಂದ್ರ ಏನ್ ಬಂತ್ರಿ?

ಇಳಕಲ್ ಕಡೆಯ ತಾಯಂದಿರು ಶಾಲೆಗೆ ಬಂದರೆ ಮೊದಲು ಕೇಳುವುದು ಇದನ್ನೇ: "ಅಕ್ಕೋರ, ನಮ್ಮ ಹುಡುಗಗ ಎಷ್ಟ ಮಾರ್ಕ್ಸ್ ಬಿದ್ದಾವರಿ?" ಹತ್ತಕ್ಕೆ ಐದು ಎಂದರೆ ಮುಖ ಸಣ್ಣದಾಗುತ್ತದೆ. ಆ ಐದರೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಹೇಳಲು ಅಂಕಪಟ್ಟಿಯಲ್ಲಿ ಜಾಗವೂ ಇಲ್ಲ.

ದಶಕ ಸಹಿತ ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. ಹುಡುಗನಿಗೆ ಜುಲೈನಲ್ಲಿ 10ಕ್ಕೆ 2, ಸೆಪ್ಟೆಂಬರಿನಲ್ಲಿ 4, ಡಿಸೆಂಬರಿನಲ್ಲಿ 9. ಸರಾಸರಿ 5. ಪಕ್ಕದ ಹುಡುಗಿಗೆ ಮೂರು ಸಲವೂ 5. ಇಬ್ಬರಿಗೂ ಒಂದೇ ಶ್ರೇಣಿ, ಬಿ ಪ್ಲಸ್. ಹುಡುಗನಿಗೆ ಈಗ ಆ ಲೆಕ್ಕ ಬರುತ್ತದೆ, ಹುಡುಗಿ ಇನ್ನೂ ದಶಕ ತರುವಲ್ಲಿ ತಡವರಿಸುತ್ತಾಳೆ. ಪಟ್ಟಿಗೆ ಇದು ಕಾಣುವುದೇ ಇಲ್ಲ.

ಮಾನದಂಡ ಆಧಾರಿತ ಮೌಲ್ಯಾಂಕನದಲ್ಲಿ ಹೀಗೆ ಕೂಡಿಸಿ ಭಾಗಿಸುವುದಿಲ್ಲ. ವಿಷಯವನ್ನು ಸಣ್ಣ ಸಣ್ಣ ಕಲಿಕಾ ಫಲಗಳಾಗಿ ಬಿಡಿಸಿ, ಒಂದೊಂದರ ಮುಂದೆಯೂ 'ಬರುತ್ತದೆ', 'ನೆರವಿದ್ದರೆ ಬರುತ್ತದೆ', 'ಇನ್ನೂ ಬಂದಿಲ್ಲ' ಎಂದು ಗುರುತಿಸುತ್ತಾರೆ. ಜುಲೈ ತಿಂಗಳ ತಪ್ಪನ್ನು ಡಿಸೆಂಬರಿಗೆ ಎಳೆದು ತರುವುದಿಲ್ಲ. ಹಾಜರಿ, ನೋಟ್‌ಬುಕ್ಕಿನ ಅಂದ, ತಂಟೆ ಇವಕ್ಕೆಲ್ಲ ಬೇರೆ ಸಾಲು. ಗಣಿತದ ಅಂಕಕ್ಕೆ ಬೆರೆಸುವಂತಿಲ್ಲ. ಒಂದು ಪಾಠ ದಕ್ಕಿದ ಮೇಲೆಯೇ ಮುಂದಿನದು ಎಂದು ಅಮೆರಿಕದ ಬೆಂಜಮಿನ್ ಬ್ಲೂಮ್ 1968ರಲ್ಲಿ ಮಂಡಿಸಿದ ವಿಚಾರ ಇದರ ಬೇರುಗಳಲ್ಲೊಂದು. ನೇಕಾರರ ಮನೆಗಳಲ್ಲಿ ನಾನು ಬ್ಲೂಮ್ ಹೆಸರು ಎತ್ತುವುದಿಲ್ಲ. ಇಳಕಲ್ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಸೇರಿಸುವವರು ಅವರು. ದಡಿ ಚೆಂದವಿದೆ, ಕೊಂಡಿ ಬಿಟ್ಟಿದೆ, ಎರಡನ್ನೂ ಕೂಡಿಸಿ ಸರಾಸರಿ ತೆಗೆಯೋಣವೇ ಎಂದರೆ ನಕ್ಕುಬಿಡುತ್ತಾರೆ.

ಹೀಗೆ ಅಳೆಯುವುದು ನಮಗೇನೂ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳು ಅದಕ್ಕೆ ಪ್ರೇರಣೆ. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಒಂದೊಂದಕ್ಕೂ ಕಾರ್ಡುಗಳು. ಒಂದು ಮೈಲಿಗಲ್ಲು ದಾಟಿದ ಮಗುವಿಗೆ ಮುಂದಿನದು. ಯಾರು ಎಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ.

ಈ ಏಣಿಯ ಬೆಲೆ ತಿಳಿಯಬೇಕಾದರೆ ಬಾದಾಮಿ, ಹುನಗುಂದದ ಹಳ್ಳಿಗಳಿಗೆ ಬರಬೇಕು. ಇಲ್ಲಿಂದ ಗೋವಾಕ್ಕೂ ಮಂಗಳೂರಿಗೂ ಕಟ್ಟಡ ಕೆಲಸಕ್ಕೆ ಹೋಗುವವರು ಬಹಳ. ಜೊತೆಗೆ ಮಕ್ಕಳೂ ಹೋಗುತ್ತಾರೆ. ಒತ್ತಕ್ಷರದ ಕಾರ್ಡಿನಲ್ಲಿ ನಿಂತು ಊರು ಬಿಟ್ಟ ಹುಡುಗಿ ಎರಡು ತಿಂಗಳಾದ ಮೇಲೆ ಬಂದು ಅದೇ ಕಾರ್ಡು ಕೈಗೆತ್ತಿಕೊಳ್ಳುತ್ತಾಳೆ. ತರಗತಿ ಮುಂದೆ ಹೋಯಿತು, ತಾನು ಹಿಂದೆ ಬಿದ್ದೆ ಎಂಬ ಮಾತೇ ಇಲ್ಲ. ಅಂಕದ ಪುಸ್ತಕವಾಗಿದ್ದರೆ ಅಷ್ಟೂ ದಿನ ಸೊನ್ನೆ ಕೂರುತ್ತಿತ್ತು. ಮಗು ಊರಲ್ಲಿರಲಿಲ್ಲ ಎನ್ನುವ ಬದಲು ಮಗುವಿಗೆ ಲೆಕ್ಕ ಬರುವುದಿಲ್ಲ ಎಂದು ಬರೆದಂತೆ ಅದು.

ನಾಲ್ಕನೆಯ ತರಗತಿಗೆ ಕಾಲಿಟ್ಟ ಕೂಡಲೇ ಏಣಿ ಮುಗಿಯುತ್ತದೆ. ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ, ಕೂಡಿಸಿ ಶ್ರೇಣಿ. ಕೊರೊನಾದ ನಂತರ 2022-23ರಲ್ಲಿ ಬಂದ 'ಕಲಿಕಾ ಚೇತರಿಕೆ' ಮೇಲಿನ ತರಗತಿಗಳಲ್ಲೂ ಕಲಿಕಾ ಫಲ, ಕಲಿಕಾ ಹಾಳೆಗಳನ್ನು ಮುಂದಿಟ್ಟಿತು. ವಿಚಾರ ಒಳ್ಳೆಯದು. ಆದರೆ ಎರಡು ತರಗತಿಯನ್ನು ಒಬ್ಬರೇ ನೋಡುವ ಶಾಲೆಯಲ್ಲಿ, ಬಿಸಿಯೂಟದ ಲೆಕ್ಕದ ನಡುವೆ, ಮಗುವಿಗೊಂದು ಹಾಳೆ ತುಂಬುವುದೆಂದರೆ ಸಾಲಿಗೆ ಸಾಲು ಟಿಕ್ ಹಾಕಿ ಮುಗಿಸುವ ಚಾಳಿ ಹುಟ್ಟುತ್ತದೆ. ನೋಡದೆ ಹಾಕಿದ ಟಿಕ್ಕಿಗಿಂತ ಆ ಹಳೆಯ ಐದೇ ವಾಸಿ. ಫಲಗಳ ಪಟ್ಟಿ ಚಿಕ್ಕದಿರಲಿ, ಬಾರದ್ದನ್ನು ಮತ್ತೊಮ್ಮೆ ಕಲಿಸಿ ಮತ್ತೆ ನೋಡಲು ಬಿಡುವಿರಲಿ ಎಂದು ಬಾಗಲಕೋಟೆಯ ತರಬೇತಿಗಳಲ್ಲಿ ನಾನು ಹೇಳುತ್ತಲೇ ಇರುತ್ತೇನೆ.

ಪಾಲಕರ ಸಭೆಯಲ್ಲಿ ಈಗ ಅಂಕಪಟ್ಟಿಯ ಜೊತೆಗೆ ಮಗುವಿನ ಹಳೆಯದೊಂದು, ಹೊಸದೊಂದು ಹಾಳೆ ಇಡುತ್ತೇನೆ. ಓದು ಬಾರದ ಒಬ್ಬ ತಂದೆ ಎರಡನ್ನೂ ಪಕ್ಕಪಕ್ಕ ಹಿಡಿದು ತಾನೇ ಹೇಳಿದ: "ಇದರಾಗ ಕೆಂಪ ಗೆರಿ ಭಾಳ ಇದ್ವು, ಇದರಾಗ ಎರಡ ಅದಾವ. ಆ ಎರಡ ಯಾವೂ ಅಂತ ಹೇಳ್ರಿ."