ಬಿಸಿ ತಾಗಿದರೆ ನೆನಪಾಗುವ ತಂತಿ

ಮಕ್ಕಳೇ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವುದನ್ನು ನೋಡಿದ್ದೀರಾ? ಗೂಡನ್ನು ಬಿಸಿನೀರಿಗೆ ಹಾಕಿದರೆ ಅಂಟು ಸಡಿಲವಾಗಿ ಎಳೆ ಬಿಚ್ಚಿಕೊಳ್ಳುತ್ತದೆ. ನೀರು ಎಷ್ಟು ಕಾದಿರಬೇಕೆಂದು ಅಲ್ಲಿನ ಅಜ್ಜಂದಿರಿಗೆ ಚೆನ್ನಾಗಿ ಗೊತ್ತು. ಅದೇ ನೀರಿಗೆ ಸೊಟ್ಟಗೆ ಬಗ್ಗಿಸಿದ ತಂತಿಯೊಂದನ್ನು ಹಾಕಿದಾಗ ಅದು ತಂತಾನೇ ನೆಟ್ಟಗಾದರೆ? ಅವರೂ ಹುಬ್ಬೇರಿಸಿಯಾರು!

ಎಲ್ಲ ತಂತಿಯೂ ಹಾಗಾಗದು. ಇದು ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿದ ‘ನಿಟಿನಾಲ್’. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ 1959ರ ಹೊತ್ತಿಗೆ ಇದರ ಹಿಂದೆ ಬಿದ್ದಿದ್ದರು. 1961ರ ಒಂದು ಸಭೆಯಲ್ಲಿ ಮಡಿಕೆ ಮಡಿಕೆಯಾಗಿ ಬಗ್ಗಿಸಿದ ಪಟ್ಟಿಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು. ಡೇವಿಡ್ ಮಝಿ ಎಂಬುವರು ತಮ್ಮ ಪೈಪ್ ಹೊತ್ತಿಸುವ ಲೈಟರ್‌ನಿಂದ ಅದಕ್ಕೆ ಬಿಸಿ ತಾಗಿಸಿದರು. ಎಲ್ಲರೂ ನೋಡುತ್ತಿದ್ದಂತೆ ಮಡಿಕೆಗಳೆಲ್ಲ ಬಿಚ್ಚಿಕೊಂಡವು. ಆ ಲೈಟರೇ ಮೊದಲ ಪರೀಕ್ಷಾ ಯಂತ್ರವಾಯಿತೆನ್ನಿ.

ಗುಟ್ಟು ಒಳಗಿನ ಪರಮಾಣುಗಳಲ್ಲಿದೆ. ತಣ್ಣಗಿದ್ದಾಗ ಅವು ಒಂದು ರೀತಿ ಜೋಡಿಸಿಕೊಂಡಿರುತ್ತವೆ, ಬಿಸಿಯಾದಾಗ ಇನ್ನೊಂದು ರೀತಿ. ಬೇಕಾದ ಆಕಾರದಲ್ಲಿ ಬಿಗಿಯಾಗಿ ಹಿಡಿದು ಸುಮಾರು 500 ಡಿಗ್ರಿಗೆ ಕಾಯಿಸಿದರೆ ಆ ಆಕಾರ ಅದಕ್ಕೆ ಬಾಯಿಪಾಠ. ಬೆಂಗಳೂರಿನ ಎನ್‌ಎಎಲ್‌ ವಿಜ್ಞಾನಿಗಳೂ ಈ ಲೋಹದ ಮೇಲೆ ಕೆಲಸ ಮಾಡಿದ್ದಾರೆ.

ಆದರೆ ಯಾವ ಬಿಸಿಗೆ ನೆನಪಾಗಬೇಕು? ಕಷ್ಟವಿರುವುದು ಇಲ್ಲೇ. ಸಾರಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಅಜ್ಜಿಗೆ ಗೊತ್ತಾಗುತ್ತದಲ್ಲ, ಹಾಗೆ ಸಾವಿರ ಪರಮಾಣುಗಳಲ್ಲಿ ನಿಕ್ಕಲ್‌ನದು ಒಂದು ಹೆಚ್ಚಾದರೂ ಆ ಬಿಸಿ ಸುಮಾರು 10 ಡಿಗ್ರಿ ಇಳಿದುಬಿಡಬಹುದು. ಅದಕ್ಕೇ ಪರೀಕ್ಷೆ ಬೇಕು. ಒಂದು ಚೂರನ್ನು ಪುಟ್ಟ ತಟ್ಟೆಯಲ್ಲಿಟ್ಟು ನಿಧಾನವಾಗಿ ಕಾಯಿಸುತ್ತಾರೆ. ಜೋಡಣೆ ಬದಲಾಗುವಾಗ, ಮಂಜುಗಡ್ಡೆ ಕರಗುವಾಗಿನಂತೆ, ಅದು ಹೆಚ್ಚು ಶಾಖ ಹೀರುತ್ತದೆ. ಯಂತ್ರ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಇನ್ನೊಂದು ಯಂತ್ರ ತಂತಿಯನ್ನು ಎರಡೂ ತುದಿ ಹಿಡಿದು ಜಗ್ಗುತ್ತದೆ. 100 ಮಿಲಿಮೀಟರ್ ತಂತಿ 8 ಮಿಲಿಮೀಟರ್‌ನಷ್ಟು ಹಿಗ್ಗಿಯೂ ಮೊದಲಿನ ಉದ್ದಕ್ಕೆ ಬರಬಲ್ಲದು. ಮಾಮೂಲಿ ಉಕ್ಕಿನ ತಂತಿ 1 ಮಿಲಿಮೀಟರ್ ಹಿಗ್ಗುವಷ್ಟರಲ್ಲೇ ಸೋಲುತ್ತದೆ. ಒಮ್ಮೆ ಜಗ್ಗಿದರೆ ಸಾಲದು, ಸಾವಿರಾರು ಸಲ ಜಗ್ಗಿ ಬಿಟ್ಟು ನೋಡಬೇಕು.

ಇಷ್ಟೆಲ್ಲ ಯಾಕೆಂದರೆ, ಈ ತಂತಿ ನಿಮ್ಮ ಬಾಯಲ್ಲೇ ಇರಬಹುದು! ಹಲ್ಲಿಗೆ ಹಾಕುವ ಕೆಲವು ಕ್ಲಿಪ್‌ಗಳ ತಂತಿ ನಿಟಿನಾಲ್‌ನದೇ. ತಣ್ಣಗಿರುವಾಗ ಅದು ಮೆತ್ತಗಿರುತ್ತದೆ. ವಕ್ರ ಹಲ್ಲುಗಳಿಗೆ ಹೊಂದುವಂತೆ ವೈದ್ಯರು ಬಗ್ಗಿಸಿ ಕೂರಿಸುತ್ತಾರೆ. ಬಾಯಿಯ ಬಿಸಿಗೆ ಅದಕ್ಕೆ ಹಳೆಯ ಆಕಾರ ನೆನಪಾಗಿ, ಹಲ್ಲುಗಳನ್ನು ಮೆಲ್ಲಗೆ ಸಾಲಿಗೆ ಎಳೆಯುತ್ತದೆ. ನೆನಪಾಗುವ ಬಿಸಿ 60 ಡಿಗ್ರಿ ಆಗಿಬಿಟ್ಟರೆ, ತಂತಿ ಬಾಯಲ್ಲಿ ಸುಮ್ಮನೆ ಕೂತಿರುತ್ತದೆ.

ಅಂಥ ಕ್ಲಿಪ್ ಹಾಕಿಸಿಕೊಂಡ ಅಕ್ಕ ಮನೆಯಲ್ಲಿದ್ದರೆ ಕೇಳಿ ನೋಡಿ. ಐಸ್‌ಕ್ರೀಂ ತಿಂದಾಗ ಎಳೆತ ಸ್ವಲ್ಪ ಸಡಿಲವಾಗಿ, ಬಾಯಿ ಬೆಚ್ಚಗಾದ ಮೇಲೆ ಮತ್ತೆ ಬಿಗಿಯಾಗುತ್ತದೆಯೇ ಎಂದು.