ಮೂರು ಪ್ರಶ್ನೆ, ಒಂದು ಜೋಡಿ ಮಣ್ಣೆತ್ತು

ನೆಂಟರು ಚಾಕಲೇಟು ಕೊಟ್ಟ ಕೂಡಲೇ ‘ಥ್ಯಾಂಕ್ಯೂ ಹೇಳು ಪುಟ್ಟ’ ಎನ್ನುತ್ತೇವೆ. ಮಗು ಹೇಳುತ್ತದೆ, ಕಾಗದ ಬಿಚ್ಚುತ್ತದೆ, ಅಲ್ಲಿಗೆ ಮುಗಿಯಿತು. ಒಳ್ಳೆಯ ನಡತೆಯೇ, ಇರಲಿ. ಆದರೆ ಕೃತಜ್ಞತೆ ಬೇರೆ. ಆ ಪದವನ್ನು ಬಿಡಿಸಿ ನೋಡಿ: ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಅದನ್ನು ತಿಳಿದವನು. ನಮ್ಮ ಮನೆಗಳಲ್ಲಿ ಅಮ್ಮನಿಗೋ ಅಜ್ಜಿಗೋ ಧನ್ಯವಾದ ಹೇಳುವ ರೂಢಿಯೇ ಇರಲಿಲ್ಲ. ಹಾಗೆಂದು ಕೃತಜ್ಞತೆ ಇರಲಿಲ್ಲವೆ? ಮಗುವಿಗೆ ರೂಢಿ ಮಾಡಿಸಬೇಕಾದದ್ದು ತನಗಾಗಿ ಯಾರು ಏನು ಮಾಡಿದರು ಎಂದು ಗಮನಿಸುವುದನ್ನು. ಮಾತು ಆಮೇಲೆ ತಾನಾಗಿ ಬರುತ್ತದೆ.

ಇದನ್ನು ಕಲಿಸಲು ಸಾಧ್ಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಫ್ರೋ ಮತ್ತು ಸಂಗಡಿಗರು 8ರಿಂದ 11 ವರ್ಷದ ಶಾಲಾಮಕ್ಕಳಿಗೆ ಮೂರು ಸಂಗತಿಗಳನ್ನು ಯೋಚಿಸಲು ಹೇಳಿಕೊಟ್ಟರು. ನೆರವಾದವರು ಬೇಕೆಂದೇ ನೆರವಾದರೆ? ಅದಕ್ಕಾಗಿ ಅವರು ಏನನ್ನು ಬಿಟ್ಟುಕೊಟ್ಟರು, ಸಮಯವನ್ನೋ ದುಡ್ಡನ್ನೋ ನಿದ್ದೆಯನ್ನೋ? ಅದರಿಂದ ನನಗೆ ಆದ ಒಳ್ಳೆಯದೇನು? 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಈ ಪಾಠ ಕೇಳಿದ ಮಕ್ಕಳು ಶಾಲೆಯ ಪೋಷಕ-ಶಿಕ್ಷಕರ ಸಂಘಕ್ಕೆ ಉಳಿದವರಿಗಿಂತ ಹೆಚ್ಚು ಧನ್ಯವಾದ ಪತ್ರಗಳನ್ನು ಬರೆದರು. ಈ ಮೂರು ಪ್ರಶ್ನೆಗಳು ನಮ್ಮ ಕೈಯಲ್ಲಿದ್ದರೆ ಸಾಕು. ಐದು ವರ್ಷದೊಳಗಿನವರಿಗೆ ಮೂರೂ ಬೇಡ, ‘ಇದನ್ನು ಯಾರು ಮಾಡಿದ್ದು?’ ಎಂಬ ಒಂದೇ ಸಾಕು.

ಕಥೆಯಿಂದ ಶುರು ಮಾಡಿ. ಪಂಚತಂತ್ರದ ಆನೆ ಮತ್ತು ಇಲಿಗಳ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ನೀರಿಗೆ ಹೊರಟ ಆನೆಗಳ ಕಾಲ್ತುಳಿತಕ್ಕೆ ಇಲಿಗಳು ಸಾಯುತ್ತವೆ. ಇಲಿಗಳ ರಾಜ ಬೇಡಿಕೊಂಡಾಗ ಆನೆಗಳು ದಾರಿ ಬದಲಿಸುತ್ತವೆ. ಇಲ್ಲಿ ಪುಸ್ತಕ ಮುಚ್ಚಿ. ‘ಆನೆಗಳಿಗೆ ಬಾಯಾರಿತ್ತಲ್ಲ, ಸುತ್ತು ಬಳಸಿ ಹೋಗುವಾಗ ಅವಕ್ಕೆ ಹೇಗಾಗಿರಬಹುದು?’ ಎಂದು ಕೇಳಿ. ಮಗು ಯೋಚಿಸಲಿ, ನೀವು ಉತ್ತರ ಕೊಡಬೇಡಿ. ಮುಂದೆ ಆನೆಗಳು ಬಲೆಗೆ ಬಿದ್ದು ಇಲಿಗಳು ಹಗ್ಗ ಕಡಿಯುವ ಭಾಗ ಎಲ್ಲರಿಗೂ ಗೊತ್ತು, ನೀತಿ ಹೇಳುವವರೆಲ್ಲ ಅಲ್ಲಿಗೇ ಓಡುತ್ತಾರೆ. ನನಗೆ ಮಾತ್ರ ಆ ಸುತ್ತುದಾರಿಯೇ ಕಥೆಯ ಜೀವ ಅನ್ನಿಸುತ್ತದೆ. ಹಗ್ಗ ಕಡಿಯುವುದು ಕಣ್ಣಿಗೆ ಕಾಣುವ ಉಪಕಾರ; ದಾರಿ ಬದಲಿಸಿದ್ದು ಹಾಗಲ್ಲ, ನಿಂತು ನೋಡಿದವರಿಗಷ್ಟೇ ಕಾಣುತ್ತದೆ. ಮನೆಯಲ್ಲಿ ಪುಸ್ತಕಗಳಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ.

ಆಟಕ್ಕೆ ಹೊಸದೇನೂ ಬೇಡ, ಚೌಕಾಬಾರ ಹಾಕಿ. ಕಾಯಿ ಗುಣಾಕಾರದ ಗುರುತಿರುವ ಮನೆಗೆ ಬಂದರೆ ಅದನ್ನು ಯಾರೂ ಕಡಿಯುವಂತಿಲ್ಲ ಅಲ್ಲವೆ? ಅಲ್ಲಿಗೆ ಬಂದವರು ಇವತ್ತು ತಮ್ಮನ್ನು ಕಾಪಾಡಿದ, ತಮಗೆ ನೆರವಾದ ಒಬ್ಬರ ಹೆಸರು ಹೇಳಬೇಕು ಎಂದು ನಿಯಮ ಮಾಡಿ. ಒಮ್ಮೆ ಹೇಳಿದ ಹೆಸರು ಮತ್ತೆ ಬರಬಾರದು. ಅಮ್ಮ, ಅಪ್ಪ, ಟೀಚರು ಮುಗಿದ ಮೇಲೆ ಶಾಲಾ ವ್ಯಾನಿನ ಡ್ರೈವರ್, ಬಿಸಿಯೂಟ ಬಡಿಸಿದ ಅಕ್ಕ, ರಬ್ಬರ್ ಕೊಟ್ಟ ಪಕ್ಕದ ಬೆಂಚಿನ ಹುಡುಗ ಹೊರಬರುತ್ತಾರೆ. ದೊಡ್ಡವರೂ ಆಡಲೇಬೇಕು.

ಕೈಕೆಲಸದ ಮಾತಿಗೆ ಬಂದರೆ, ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯನ್ನು ಮೀರಿಸುವಂಥದ್ದು ನನಗೆ ಕಂಡಿಲ್ಲ. ಜ್ಯೇಷ್ಠದ ಹುಣ್ಣಿಮೆಗೆ ಕಾರಹುಣ್ಣಿಮೆ. ಅಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೆಲಸದಿಂದ ಬಿಡುವು ಕೊಡುತ್ತಾರೆ. ಅದಾದ ಹದಿನೈದು ದಿನಕ್ಕೆ ಬರುವ ಅಮಾವಾಸ್ಯೆಯಂದು ಮಣ್ಣಿನಿಂದ ಜೋಡಿ ಎತ್ತು, ಅವುಗಳ ಮುಂದೆ ಮೇವು ಹಾಕುವ ಗೋದಲಿ ಮಾಡಿ ಪೂಜಿಸುತ್ತಾರೆ. ನೀವೂ ಮಾಡಿಸಿ. ಕಲ್ಲು ಆರಿಸಿದ ಜಿಗುಟು ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಮೊದಲು ಮೈ, ಕೆಳಗೆ ನಾಲ್ಕು ದಪ್ಪ ಕಾಲು (ಸಣ್ಣಗಾದರೆ ಒಣಗುವಾಗ ಮುರಿಯುತ್ತವೆ), ಮೇಲೆ ಡುಬ್ಬ, ಕೊನೆಗೆ ಕೊಂಬು. ಕಣ್ಣಿಗೆ ಕುಸುಬಿ ಕಾಳು ಒತ್ತಿ. ಬಿಸಿಲಲ್ಲಿ ಬೇಡ, ನೆರಳಲ್ಲಿ ಒಣಗಿಸಿ, ಬಿರುಕು ಬಿಡುವುದಿಲ್ಲ.

ಕೈ ಕೆಲಸದಲ್ಲಿದ್ದಾಗ ಮಾತು ಸಲೀಸಾಗಿ ಬರುತ್ತದೆ. ಆಗ ಮೊದಲ ಪ್ರಶ್ನೆ ಕೇಳಿ: ಎತ್ತು ಬೇಕೆಂದೇ ಉಳುತ್ತದೆಯೆ? ಯಾವ ಮಗುವಾದರೂ ಒಂದು ಕ್ಷಣ ತಡೆಯುತ್ತದೆ. ಎತ್ತನ್ನು ಯಾರೂ ಕೇಳಲಿಲ್ಲ, ನೊಗ ಹೂಡಿದರು. ಹಾಗಾದರೆ ಅದರ ದುಡಿಮೆಗೆ ಬೆಲೆ ಇಲ್ಲವೆ? ಇದಕ್ಕೆ ಸಿದ್ಧ ಉತ್ತರ ನನ್ನಲ್ಲಿಲ್ಲ. ಒಂದು ದಿನ ನೊಗ ಇಳಿಸಿ ಮೈ ತೊಳೆಯುವ ಪದ್ಧತಿ ಈ ಪ್ರಶ್ನೆಯಿಂದಲೇ ಹುಟ್ಟಿತೇನೋ ಎಂದು ಮಗುವಿನ ಜೊತೆ ಮಾತಾಡಬಹುದು. ಎತ್ತನ್ನೇ ಕಾಣದ ನಗರದ ಮಕ್ಕಳು ಆಟೊವನ್ನೋ ಕಸದ ಗಾಡಿಯನ್ನೋ ಮಾಡಲಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ‘ಊಟಕ್ಕಿಲ್ಲದ ಮಕ್ಕಳನ್ನು ನೋಡು’, ‘ನಿನಗಾಗಿ ಎಷ್ಟೆಲ್ಲ ಮಾಡಿದ್ದೇವೆ’ ಎನ್ನಬೇಡಿ. ಮೊದಲನೆಯದು ಮಗುವಿನಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸುತ್ತದೆ, ಎರಡನೆಯದು ಸಾಲದ ಲೆಕ್ಕ ತೋರಿಸುತ್ತದೆ. ಸಾಲಗಾರನಿಗೆ ಕೊಟ್ಟವರ ಮುಖ ನೋಡಲು ಮನಸ್ಸಾಗುವುದಿಲ್ಲ. ಮಗು ಹಟದಲ್ಲೋ ಅಳುವಿನಲ್ಲೋ ಇದ್ದಾಗಲೂ ಈ ಪ್ರಶ್ನೆಗಳು ಬೇಡ.

ಕಾರ್ಡು ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಿ. ಹೂವು, ಮಿನುಗು ಅಂಟಿಸುವುದಕ್ಕಿಂತ ಒಳಗಿನ ಒಂದು ಸಾಲಿಗೆ ಹೆಚ್ಚು ಹೊತ್ತು ಕೊಡಿ. ‘ಧನ್ಯವಾದಗಳು’ ಎಂದಷ್ಟೇ ಬರೆದರೆ ಅದು ಯಾರಿಗಾದರೂ ಸಲ್ಲುತ್ತದೆ. ‘ಮೊನ್ನೆ ಜೋರು ಮಳೆ ಇದ್ದರೂ ನೀವು ಗುಡಿಸಲು ಬಂದಿರಿ, ನಾನು ಕಿಟಕಿಯಿಂದ ನೋಡಿದೆ’ ಎಂಬುದು ಬೀದಿ ಗುಡಿಸುವ ಆ ಒಬ್ಬ ಪೌರಕಾರ್ಮಿಕ ಅಕ್ಕನಿಗೆ ಮಾತ್ರ ಸಲ್ಲುತ್ತದೆ. ಕಾಗುಣಿತ ತಪ್ಪಿದ್ದರೆ ತಿದ್ದಬೇಡಿ. ಬೆಳಿಗ್ಗೆ ಅವರು ಬರುವ ಹೊತ್ತಿಗೆ ಮಗುವನ್ನು ಎಬ್ಬಿಸಿ, ಕಾರ್ಡನ್ನು ಅದರ ಕೈಯಿಂದಲೇ ಕೊಡಿಸಿ. ನಾಚಿ ಮಾತಾಡದೆ ನಿಂತರೆ ನೀವೂ ಸುಮ್ಮನೆ ಪಕ್ಕದಲ್ಲಿ ನಿಂತಿರಿ.